ಫಾರ್ಮಿಗೆ ಏರದ ಪದಕಗಳು

(ಅಮೆರಿಕದ ಮಾಜಿ ಸೈನಿಕರ ಸೇವಾ ದಾಖಲೆ ತಿದ್ದುಪಡಿ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸೈನಿಕರ ಕಾಗದಪತ್ರದ ಬಗ್ಗೆ ಕನ್ನಡದಲ್ಲಿ ಮಾತಾಡುತ್ತೇನೆ ಅಂದಾಗ ಸಂಘಟಕರು ಸ್ವಲ್ಪ ಹಿಂದೆಮುಂದೆ ನೋಡಿದರು. ನೋಡುವಂಥದ್ದೇ. ಆದರೆ ಪಹಣಿಯಲ್ಲೋ ಅಂಕಪಟ್ಟಿಯಲ್ಲೋ ತಪ್ಪಿಹೋದ ಒಂದು ಅಕ್ಷರ ಸರಿಮಾಡಿಸಲು ಕಚೇರಿಯಿಂದ ಕಚೇರಿಗೆ ಅಲೆಯದ ಮನೆ ಇಲ್ಲಿ ಯಾವುದಿದೆ ಹೇಳಿ? ಅದೇ ಅಲೆದಾಟದ ಕಥೆ ಇದು. ಅಲೆಯುವವರು ಮಾತ್ರ ಎಂಬತ್ತು ದಾಟಿದ ಮಾಜಿ ಯೋಧರು, ಇಲ್ಲವೇ ಅವರ ಹೆಂಡತಿ ಮಕ್ಕಳು.

ಮೊದಲು ಒಂದು ಹಾಳೆ ನೋಡೋಣ. ಪರದೆಯ ಮೇಲಿರುವುದು ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಭೂಸೇನೆ ತನ್ನ ಸಿಪಾಯಿಗಳಿಗೆ ಕೊಟ್ಟು ಕಳಿಸುತ್ತಿದ್ದ ಬಿಡುಗಡೆ ಪತ್ರದ ಹಿಂಬದಿ. 53-55 ಅಂತ ಅದರ ನಂಬರು. ಹೆಸರು, ಊರು ಮುಚ್ಚಿದ್ದೇನೆ. 31ನೇ ಕಲಂ ಓದಿ: ಕಂಬ್ಯಾಟ್ ಇನ್ಫೆಂಟ್ರಿಮನ್ ಬ್ಯಾಡ್ಜ್. ಅಂದರೆ ಕಾಲಾಳುಪಡೆಯಲ್ಲಿದ್ದು ಶತ್ರುವಿನ ಎದುರು ನಿಂತು ಕಾದಿದವನಿಗೆ ಕೊಡುವ ಬಿಲ್ಲೆ. ನೀಲಿ ಪಟ್ಟಿಯ ಮೇಲೆ ಹಳೇ ಕಾಲದ ಒಂದು ಕೋವಿ. 32ನೇ ಕಲಮಿನಲ್ಲಿ ಕಾಳಗಗಳು: ನಾರ್ಮಂಡಿ, ಉತ್ತರ ಫ್ರಾನ್ಸ್, ರೈನ್‌ಲ್ಯಾಂಡ್. 33ರಲ್ಲಿ ಪದಕಗಳು: ಸನ್ನಡತೆಯ ಪದಕ ಒಂದು, ಯುರೋಪ್ ರಣರಂಗದ ರಿಬ್ಬನ್ ಒಂದು. 34ರಲ್ಲಿ ಯುದ್ಧದಲ್ಲಾದ ಗಾಯಗಳು. ಅಲ್ಲಿ ‘ಇಲ್ಲ’ ಅಂತ ಟೈಪಾಗಿದೆ.

ಈ ಹಾಳೆಯಲ್ಲಿ ಒಂದು ಪದಕ ಬಿಟ್ಟುಹೋಗಿದೆ. ಅದು ಬಿಟ್ಟುಹೋಗಿದೆ ಎಂದು ಗೊತ್ತಾಗಲು ಬೇರೆ ಯಾವ ಕಾಗದವೂ ಬೇಡ, ಈ ಹಾಳೆಯೇ ಸಾಕು. 1947ರಲ್ಲಿ ಅಮೆರಿಕದ ಸೇನೆ ಒಂದು ನಿಯಮ ಮಾಡಿತು: ಮಹಾಯುದ್ಧದ ಅವಧಿಯಲ್ಲಿ ಈ ಕಾಲಾಳು ಬಿಲ್ಲೆಯನ್ನಾಗಲಿ, ರಣರಂಗದ ವೈದ್ಯಕೀಯ ಸಿಬ್ಬಂದಿಗೆ ಕೊಡುವ ಬಿಲ್ಲೆಯನ್ನಾಗಲಿ ಪಡೆದವರೆಲ್ಲ ಬ್ರಾಂಜ್ ಸ್ಟಾರ್ ಪದಕಕ್ಕೆ ಅರ್ಹರು. ಕೆಸರಿನಲ್ಲಿ ಮಲಗಿ ಕಾದಿದವರಿಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಅನ್ನುವ ಅನಿಸಿಕೆ ಇದರ ಹಿಂದಿತ್ತು. ಒಳ್ಳೆಯ ನಿಯಮವೇ. ಆದರೆ 1947ರ ಹೊತ್ತಿಗೆ ಆ ಕಾಲಾಳುಗಳು ಎಲ್ಲಿದ್ದರು? ಬಹುಪಾಲು ಜನ 1945, 46ರಲ್ಲೇ ಸಮವಸ್ತ್ರ ಕಳಚಿ ಹೊಲಕ್ಕೋ ಕಾರ್ಖಾನೆಗೋ ಕಾಲೇಜಿಗೋ ಹೋಗಿಯಾಗಿತ್ತು. ಮನೆಮನೆಗೆ ಪತ್ರ ಬರೆದು ‘ನಿಮಗೊಂದು ಪದಕವಿದೆ’ ಅಂತ ಸರ್ಕಾರ ತಿಳಿಸಲಿಲ್ಲ. ಬೇಕಾದವರು ಅರ್ಜಿ ಹಾಕಿಕೊಳ್ಳಬೇಕು. ಇದೆ ಅಂತಲೇ ಗೊತ್ತಿಲ್ಲದ್ದನ್ನು ಯಾರು ಕೇಳುತ್ತಾರೆ? ಎಷ್ಟೋ ಮನೆಗಳಲ್ಲಿ ಅಜ್ಜ ತೀರಿಕೊಂಡ ಮೇಲೆ ಪೆಟ್ಟಿಗೆ ಬಿಚ್ಚಿ, 31ನೇ ಕಲಂ ನೋಡಿ, ಯಾರೋ ತಿಳಿದವರು ಹೇಳಿದ ಮೇಲೆಯೇ ಇದು ಗೊತ್ತಾದದ್ದು.

ಇದನ್ನು ಮೊದಲೇ ಹೇಳಲು ಕಾರಣವಿದೆ. ‘ದಾಖಲೆಯಲ್ಲಿ ಪದಕ ಬಿಟ್ಟುಹೋಗಿದೆ’ ಅಂದ ಕೂಡಲೇ ನಮಗೆ ಅನ್ಯಾಯ, ಪಕ್ಷಪಾತ, ವೈರ ಸಾಧಿಸಿದ ಮೇಲಧಿಕಾರಿ ಇವೆಲ್ಲ ನೆನಪಾಗುತ್ತವೆ. ಅಂಥವೂ ಇವೆ, ಆ ಮಾತಿಗೆ ಬರುತ್ತೇನೆ. ಆದರೆ ಬಹುಪಾಲು ಪ್ರಕರಣಗಳಲ್ಲಿ ಕೇಡು ಬಗೆದವರು ಯಾರೂ ಇಲ್ಲ. ಪದಕದ ಆದೇಶ ತಡವಾಗಿ ಬಂತು, ಸೈನಿಕ ಬೇಗ ಹೊರಟುಹೋದ. ಅಷ್ಟೇ.

ವಿಯೆಟ್ನಾಂ ಯುದ್ಧದಲ್ಲಿ ಇದು ಇನ್ನೂ ಹೆಚ್ಚಾಯಿತು. 1950ರಿಂದ ಈಚೆಗೆ ಅಮೆರಿಕದ ಎಲ್ಲ ಪಡೆಗಳಿಗೂ ಒಂದೇ ಬಿಡುಗಡೆ ಪತ್ರ, ಡಿಡಿ-214. ಅಲ್ಲಿಯ ಮಾಜಿ ಸೈನಿಕನ ಪಾಲಿಗೆ ಆಧಾರ್ ಕಾರ್ಡು, ಪಿಂಚಣಿ ಪುಸ್ತಕ ಎಲ್ಲ ಅದೇ. ಮನೆ ಸಾಲಕ್ಕೂ ಅದು ಬೇಕು, ಆಸ್ಪತ್ರೆಗೂ ಬೇಕು, ಸತ್ತ ಮೇಲೆ ಸರ್ಕಾರಿ ಸಮಾಧಿಕಲ್ಲಿಗೂ ಬೇಕು. ವಿಯೆಟ್ನಾಮಿಗೆ ಭೂಸೇನೆಯ ಸಿಪಾಯಿ ಹನ್ನೆರಡು ತಿಂಗಳಿಗೆ ಹೋಗುತ್ತಿದ್ದ, ಮರೀನ್ (ಕಡಲ ಕಡೆಯಿಂದ ಇಳಿದು ಕಾದುವ ಪಡೆಯವನು) ಆಗಿದ್ದರೆ ಹದಿಮೂರು. ಇಡೀ ಪಲ್ಟನ್ ಒಟ್ಟಿಗೆ ಹೋಗಿ ಒಟ್ಟಿಗೆ ಬರುವ ಪದ್ಧತಿ ಇರಲಿಲ್ಲ. ಅವರವರ ಅವಧಿ ಮುಗಿದಂತೆ ಒಬ್ಬೊಬ್ಬರೇ ವಿಮಾನ ಹತ್ತುತ್ತಿದ್ದರು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲೋ ವಾಷಿಂಗ್ಟನ್ ರಾಜ್ಯದ ಫೋರ್ಟ್ ಲೂಯಿಸ್‌ನಲ್ಲೋ ಇಳಿದರೆ, ಸೇವೆ ಮುಗಿದವನಿಗೆ ಅಲ್ಲೇ ಬಿಡುಗಡೆ. ಗುಮಾಸ್ತ ಕೈಗೆ ಬಂದ ಕಡತ ನೋಡಿಕೊಂಡು ಟೈಪ್ ಮಾಡುತ್ತಾನೆ. ಮನೆಗೆ ಹೋಗುವ ಆತುರದಲ್ಲಿರುವ ಇಪ್ಪತ್ತರ ಹುಡುಗ ಪದಕಗಳ 24ನೇ ಕಲಮಿನಲ್ಲಿ ಏನಿದೆ ಏನಿಲ್ಲ ಅಂತ ಓದದೆ ಸಹಿ ಹಾಕುತ್ತಾನೆ. ಅವನ ಹೆಸರಿನ ಪದಕದ ಆದೇಶ ಅಲ್ಲಿ ಡಿವಿಷನ್ ಮುಖ್ಯ ಕಚೇರಿಯಲ್ಲಿ ಇನ್ನೂ ಸಹಿಗೆ ಕಾಯುತ್ತಿರಬಹುದು.

ಇನ್ನು ಕೆಲವು ಪದಕಗಳನ್ನು ಆ ಗುಮಾಸ್ತ ಬಯಸಿದ್ದರೂ ಬರೆಯುವಂತಿರಲಿಲ್ಲ. ದಕ್ಷಿಣ ವಿಯೆಟ್ನಾಂ ಸರ್ಕಾರ ಅಮೆರಿಕದ ತುಕಡಿಗಳಿಗೆ ಗ್ಯಾಲಂಟ್ರಿ ಕ್ರಾಸ್ ಎಂಬ ಸಾಮೂಹಿಕ ಗೌರವ ಕೊಟ್ಟಿತು. ಅಲ್ಲಿದ್ದ ಭೂಸೇನೆಯ ತುಕಡಿಗಳೆಲ್ಲಕ್ಕೂ ಅದು ಸಲ್ಲುತ್ತದೆ ಎಂದು ಆದೇಶ ಹೊರಟದ್ದು 1974ರಲ್ಲಿ. ಅಮೆರಿಕದ ಕಾದಾಳು ಪಡೆಗಳು ಅಲ್ಲಿಂದ ಹೊರಟದ್ದು 1973ರ ಮಾರ್ಚ್‌ನಲ್ಲಿ. ಅಂದಮೇಲೆ 1968ರಲ್ಲಿ ಬಿಡುಗಡೆಯಾದವನ ಹಾಳೆಯಲ್ಲಿ ಅದು ಬರುವುದಾದರೂ ಹೇಗೆ? ಕೊರಿಯಾದ ಕಥೆ ಇನ್ನೂ ಸೊಗಸು. 1950ರಿಂದ 53ರವರೆಗೆ ಕಾದಿದವರಿಗೆ ದಕ್ಷಿಣ ಕೊರಿಯಾ 1951ರಲ್ಲೇ ಒಂದು ಯುದ್ಧಸೇವಾ ಪದಕ ಕೊಡಲು ಮುಂದಾಗಿತ್ತು. ಪರದೇಶದ ಪದಕ ಧರಿಸಲು ಆಗ ಅಮೆರಿಕದ ಕಾನೂನು ಬಿಡುತ್ತಿರಲಿಲ್ಲ. ಕೊನೆಗೆ ಅಮೆರಿಕ ಅದನ್ನು ಒಪ್ಪಿಕೊಂಡದ್ದು 1999ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಆ ಯುದ್ಧಕ್ಕೆ ಹೋದ ಹುಡುಗರು ಮೊಮ್ಮಕ್ಕಳ ಮದುವೆ ಮಾಡುತ್ತಿದ್ದರು.

ಇಂಥ ಪದಕಗಳಿಗೆ ವಾದ ಬೇಕಿಲ್ಲ, ಸಾಕ್ಷಿ ಬೇಕಿಲ್ಲ. ಯಾವ ತುಕಡಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಇಷ್ಟು ಗೊತ್ತಿದ್ದರೆ ಉಳಿದದ್ದು ಲೆಕ್ಕ. ವಿಯೆಟ್ನಾಂ ಯುದ್ಧವನ್ನು ಸೇನೆ ಹದಿನೇಳು ಕಾರ್ಯಾಚರಣೆಗಳಾಗಿ ವಿಂಗಡಿಸಿದೆ. ನೀವಲ್ಲಿದ್ದ ಅವಧಿಯಲ್ಲಿ ಎಷ್ಟು ಕಾರ್ಯಾಚರಣೆ ಬಿದ್ದವೋ ಸೇವಾ ಪದಕದ ರಿಬ್ಬನ್ನಿನ ಮೇಲೆ ಅಷ್ಟು ಸಣ್ಣ ಕಂಚಿನ ನಕ್ಷತ್ರ. ಮನೆಯವರು ತಪ್ಪು ತಿಳಿಯುವುದು ಹೆಚ್ಚಾಗಿ ಇಲ್ಲೇ. ಫಾರ್ಮಿನಲ್ಲಿ ಎರಡು ಕಂಚಿನ ನಕ್ಷತ್ರ ಅಂತ ಕಂಡರೆ ‘ನಮ್ಮಪ್ಪನಿಗೆ ಎರಡು ಬ್ರಾಂಜ್ ಸ್ಟಾರ್’ ಅಂದುಕೊಳ್ಳುತ್ತಾರೆ. ರಿಬ್ಬನ್ನಿನ ಮೇಲೆ ಚುಚ್ಚುವ ನಕ್ಷತ್ರ ಬೇರೆ, ಬ್ರಾಂಜ್ ಸ್ಟಾರ್ ಪದಕ ಬೇರೆ. ಇದನ್ನು ತಿಳಿಸಿ ಹೇಳುವುದು ಕಷ್ಟದ ಕೆಲಸ. ಅಪ್ಪನ ಪದಕ ಕಡಿಮೆ ಮಾಡಿದಿರಿ ಅಂತ ಸಿಟ್ಟಾಗುವವರೂ ಇದ್ದಾರೆ.

ತಿದ್ದುವ ಕ್ರಮ ಹೇಳುತ್ತೇನೆ, ದೊಡ್ಡದೇನಲ್ಲ. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರವಿದೆ. ಎಸ್‌ಎಫ್-180 ಎಂಬ ಅರ್ಜಿಯನ್ನು ಅಂಚೆಯಲ್ಲೋ ಆನ್‌ಲೈನಿನಲ್ಲೋ ಅಲ್ಲಿಗೆ ಕಳಿಸಿ, ಕಡತದ ನಕಲೂ ಪದಕಗಳ ಪರಿಶೀಲನೆಯೂ ಬೇಕೆಂದು ಕೇಳಬೇಕು. ತಪ್ಪು ಖಚಿತವಾದರೆ ಡಿಡಿ-215 ಎಂಬ ಇನ್ನೊಂದು ಹಾಳೆ ಬರುತ್ತದೆ. ಹಳೆಯ 214 ಹಾಗೆಯೇ ಉಳಿಯುತ್ತದೆ, ಅದನ್ನು ಹೊಸದಾಗಿ ಟೈಪ್ ಮಾಡಿಕೊಡುವುದಿಲ್ಲ. ಇಂಥ ಕಲಮಿನಲ್ಲಿ ಇದನ್ನು ತೆಗೆಯಿರಿ, ಇದನ್ನು ಸೇರಿಸಿ ಅಂತ 215ರಲ್ಲಿ ಬರೆದಿರುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಒಂದು ಹಾಳೆ ಒಂದು ಪೆಟ್ಟಿಗೆಯಲ್ಲಿ, ಇನ್ನೊಂದು ಇನ್ನೊಂದರಲ್ಲಿ ಸೇರಿದರೆ ಮುಂದಿನ ತಲೆಮಾರಿಗೆ ಮತ್ತೆ ಅದೇ ಅಲೆದಾಟ.

ಇಷ್ಟು ಸುಲಭವಾಗಿದ್ದರೆ ನಾನು ಇಲ್ಲಿಗೇ ಮಾತು ಮುಗಿಸಬಹುದಿತ್ತು. ಆದರೆ 1973 ಅಂತ ಒಂದು ವರ್ಷವಿದೆ.

ಆ ದಾಖಲೆ ಕೇಂದ್ರ ಆಗ ಸೇಂಟ್ ಲೂಯಿಸ್ ಪಕ್ಕದ ಓವರ್‌ಲ್ಯಾಂಡ್ ಎಂಬಲ್ಲಿತ್ತು. ಆರು ಮಹಡಿಯ ಭಾರೀ ಕಟ್ಟಡ, 1956ರಲ್ಲಿ ಮುಗಿದದ್ದು; ಮುಂದೆ ನ್ಯೂಯಾರ್ಕಿನ ಜೋಡಿ ಗೋಪುರಗಳ ನಕ್ಷೆ ಮಾಡಿದ ಮಿನೊರು ಯಮಸಾಕಿಯವರೇ ಇದರ ವಿನ್ಯಾಸದಲ್ಲೂ ಇದ್ದವರು. ಕಡತಗಳಿದ್ದ ಜಾಗದಲ್ಲಿ ಬೆಂಕಿಗೆ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ನೀರು ಸೋರಿ ಕಾಗದ ಹಾಳಾದೀತು ಅನ್ನುವ ವಾದ ಆ ಕಾಲದ ದಾಖಲೆ ಪಾಲಕರಲ್ಲಿ ಚಾಲ್ತಿಯಲ್ಲಿತ್ತು. 1973ರ ಜುಲೈ 12ರಂದು ನಡುರಾತ್ರಿ ಕಳೆದ ಮೇಲೆ ಆರನೇ ಮಹಡಿಯಲ್ಲಿ ಬೆಂಕಿ ಕಾಣಿಸಿತು. ಇಪ್ಪತ್ತೆರಡು ಗಂಟೆ ಅದು ಹತೋಟಿಗೆ ಬರಲಿಲ್ಲ. ಪೂರ್ತಿ ಆರಿದ್ದು ಜುಲೈ 16ಕ್ಕೆ. ಕಾರಣ ಇವತ್ತಿಗೂ ಖಚಿತವಾಗಿಲ್ಲ.

ಸುಟ್ಟುಹೋದದ್ದು 1.6 ಕೋಟಿಯಿಂದ 1.8 ಕೋಟಿ ಕಡತಗಳು. 1912ರ ನವೆಂಬರ್‌ನಿಂದ 1960ರ ಆರಂಭದವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ಹೋದವು. ವಾಯುಸೇನೆಯಲ್ಲಿ 1947ರಿಂದ 1964ರ ಆರಂಭದವರೆಗಿನವು, ಅದೂ ‘ಹಬರ್ಡ್’ ಎಂಬ ಹೆಸರಿನಿಂದ ಮುಂದಿನ ಅಕ್ಷರದವರದು, ನೂರಕ್ಕೆ ಎಪ್ಪತ್ತೈದು. ಹೆಸರಿನ ಮೊದಲ ಅಕ್ಷರ ‘ಎ’ ಇದ್ದವನ ಸೇವೆ ಉಳಿಯಿತು, ‘ಡಬ್ಲ್ಯೂ’ ಇದ್ದವನದು ಹೋಯಿತು. ಬೇರೆ ನಕಲಿಲ್ಲ, ಮೈಕ್ರೋಫಿಲ್ಮ್ ಇಲ್ಲ, ಯಾರ ಕಡತ ಎಲ್ಲಿತ್ತು ಅನ್ನುವ ಸೂಚಿಯೂ ಇಲ್ಲ. ಉಳಿದದ್ದರ ಮೇಲೆ ದಿನಗಟ್ಟಲೆ ನೀರು ಸುರಿದಿತ್ತು. ಸೇಂಟ್ ಲೂಯಿಸ್‌ನ ಜುಲೈ ತಿಂಗಳ ಸೆಕೆಗೆ ಬೂಷ್ಟು ಹಿಡಿಯತೊಡಗಿತು. ಆಗ ಅದೇ ಊರಿನ ಮೆಕ್‌ಡೊನೆಲ್ ಡಗ್ಲಸ್ ವಿಮಾನ ಕಂಪನಿಯ ನಿರ್ವಾತ ಕೋಣೆಗೆ, ಬಾಹ್ಯಾಕಾಶದ ಸ್ಥಿತಿಯನ್ನು ಕೃತಕವಾಗಿ ಸೃಷ್ಟಿಸುತ್ತಿದ್ದ ಕೋಣೆಗೆ, ಹಾಲಿನ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಈ ಒದ್ದೆ ಕಡತ ತುಂಬಿ ಸಾಗಿಸಿದರು. ಒಂದು ಸುತ್ತಿಗೆ ಸುಮಾರು ಎಂಟು ಟನ್ ನೀರು ಹೊರಬರುತ್ತಿತ್ತು. ಹೀಗೆ ಉಳಿಸಿಕೊಂಡವು ಸುಮಾರು 65 ಲಕ್ಷ. ಅಂಚು ಕರಕಲಾದ ಆ ಹಾಳೆಗಳನ್ನು ಈಗಲೂ ಕೈಗವಸು ಹಾಕಿಕೊಂಡು ಬಿಡಿಸುತ್ತಾರೆ.

ಹೀಗಾಗಿ ಇವತ್ತು ಒಬ್ಬ ಮಗಳು ‘ನಮ್ಮ ತಂದೆಯ ಪರ್ಪಲ್ ಹಾರ್ಟ್ ಪದಕ ದಾಖಲೆಯಲ್ಲಿಲ್ಲ’ ಅಂತ ಬರೆದರೆ, ಬರುವ ಉತ್ತರ ಬಹಳ ಸಲ ‘ಕಡತ ಬೆಂಕಿಯ ವ್ಯಾಪ್ತಿಯಲ್ಲಿತ್ತು’ ಎಂಬುದು. ಅದನ್ನು ಓದಿ ಕೈಚೆಲ್ಲುವವರೇ ಹೆಚ್ಚು. ಕೈಚೆಲ್ಲಬೇಕಿಲ್ಲ. ಸುಟ್ಟದ್ದು ಆ ಮನುಷ್ಯನ ಹೆಸರಿನ ಕಡತ. ಅವನು ಇದ್ದ ತುಕಡಿಯ ಕಾಗದ ಬೇರೆ ಕಡೆ ಇರುತ್ತದೆ. ಪ್ರತಿ ಕಂಪನಿಯೂ, ಅಂದರೆ ಸೇನೆಯ ಪ್ರತಿ ಸಣ್ಣ ತುಕಡಿಯೂ, ದಿನಾ ಬೆಳಿಗ್ಗೆ ಒಂದು ವರದಿ ಬರೆಯಬೇಕಿತ್ತು: ಇವತ್ತು ಯಾರು ಬಂದರು, ಯಾರು ಆಸ್ಪತ್ರೆಗೆ ಹೋದರು, ಯಾರು ಗಾಯಗೊಂಡರು, ಯಾರು ವಾಪಸಾದರು. ಕಂಪನಿಯ ಹೆಸರೂ ತಿಂಗಳೂ ಗೊತ್ತಿದ್ದರೆ ಆ ಬೆಳಗಿನ ವರದಿಯಲ್ಲಿ ಅಪ್ಪನ ಹೆಸರು ಸಿಗಬಹುದು. ಕೊನೆಯ ಸಂಬಳದ ರಸೀದಿ ಸಿಗಬಹುದು. ಬೆಂಕಿಗೆ ಮುಂಚೆಯೇ ಅವರು ಅಂಗವೈಕಲ್ಯದ ಪರಿಹಾರ ಕೇಳಿದ್ದರೆ ಕಾಗದಗಳು ಮಾಜಿ ಸೈನಿಕರ ಇಲಾಖೆಯ ಕಡತ ಸೇರಿ ಬಚಾವಾಗಿರಬಹುದು. ಇನ್ನೊಂದು ಜಾಗ ಬಹಳ ಜನಕ್ಕೆ ಹೊಳೆಯುವುದಿಲ್ಲ: ಊರಿನ ಕೌಂಟಿ ಕಚೇರಿ, ನಮ್ಮ ತಾಲ್ಲೂಕು ಕಚೇರಿಯಂಥದ್ದು. ಮಹಾಯುದ್ಧದಿಂದ ಬಂದ ಅನೇಕರು ಬಿಡುಗಡೆ ಪತ್ರವನ್ನು ಅಲ್ಲಿ ನೋಂದಾಯಿಸಿದ್ದರು. ಸೇಂಟ್ ಲೂಯಿಸ್‌ನಲ್ಲಿ ಬೂದಿಯಾದದ್ದರ ನಕಲು ಹಳ್ಳಿಗಾಡಿನ ಯಾವುದೋ ರಿಜಿಸ್ಟರಿನಲ್ಲಿ ಭದ್ರವಾಗಿರುತ್ತದೆ.

1988ರಲ್ಲಿ ಒಂದು ನಿಧಿಯೇ ಸಿಕ್ಕಿತು. 1942ರಿಂದ 45ರವರೆಗೆ ಮತ್ತು 1950ರಿಂದ 54ರವರೆಗೆ ಸೈನಿಕರು ಆಸ್ಪತ್ರೆಗೆ ಸೇರಿದ ಒಂದು ಕೋಟಿ ನಮೂದುಗಳು, ಕಂಪ್ಯೂಟರ್ ಟೇಪುಗಳಲ್ಲಿ. ಸೇನೆಯ ವೈದ್ಯಕೀಯ ವಿಭಾಗ ಅಂಕಿಅಂಶಕ್ಕೆಂದು ಮಾಡಿಸಿದ್ದು. ಅದರಲ್ಲಿ ಹೆಸರಿಲ್ಲ, ಸೇನಾ ಸಂಖ್ಯೆ ಮಾತ್ರ. ಆದ್ದರಿಂದ ಯಾರೇ ಸಲಹೆ ಕೇಳಿದರೂ ನಾನು ಮೊದಲು ಕೇಳುವುದು ಸೇನಾ ಸಂಖ್ಯೆಯನ್ನು. ಹಳೇ ಕಾಗದ, ಕುತ್ತಿಗೆಯ ಲೋಹದ ಬಿಲ್ಲೆ, ಮನೆಗೆ ಬಂದ ಪತ್ರದ ಲಕೋಟೆ, ಎಲ್ಲಿಯಾದರೂ ಸರಿ, ಆ ಸಂಖ್ಯೆ ಹುಡುಕಿ.

ಪರ್ಪಲ್ ಹಾರ್ಟ್ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಗಾಯಗೊಂಡವರಿಗೆ ಕೊಡುವ ಪದಕ ಅದು. ಗಾಯ ಶತ್ರುವಿನಿಂದಲೇ ಆಗಿರಬೇಕು, ಅದಕ್ಕೆ ವೈದ್ಯಕೀಯ ಚಿಕಿತ್ಸೆ ಆಗಿರಬೇಕು, ಆ ಚಿಕಿತ್ಸೆ ಕಾಗದದಲ್ಲಿ ದಾಖಲಾಗಿರಬೇಕು. ಕಷ್ಟ ಇರುವುದು ಈ ಮೂರನೆಯದರಲ್ಲಿ. ಗುಂಡಿನ ಮಳೆಯ ನಡುವೆ ತೆವಳಿ ಬಂದು ಬ್ಯಾಂಡೇಜ್ ಸುತ್ತಿದ ಹುಡುಗ ಪುಸ್ತಕ ತೆಗೆದು ಬರೆಯುತ್ತಾ ಕೂರುತ್ತಾನೆಯೇ? ಅವನೇ ಅರ್ಧ ಗಂಟೆಯಲ್ಲಿ ಸತ್ತಿರಬಹುದು. ಎಪ್ಪತ್ತು ವರ್ಷದಿಂದ ಕಾಲಿನಲ್ಲಿ ಲೋಹದ ಚೂರು ಹೊತ್ತುಕೊಂಡಿರುವ ಮುದುಕನ 34ನೇ ಕಲಮಿನಲ್ಲಿ ‘ಇಲ್ಲ’ ಅಂತಿರುವುದು ಹೀಗೆ. ಇದು ಬರೀ ಎದೆಗೆ ಚುಚ್ಚಿಕೊಳ್ಳುವ ಮಾತಲ್ಲ. ಪರ್ಪಲ್ ಹಾರ್ಟ್ ಇದ್ದವರಿಗೆ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಆದ್ಯತೆಯಿದೆ. ಯುದ್ಧ ಕಂಡವನು ಎಂದು ತೋರಿಸುವ ಪದಕ ದಾಖಲೆಯಲ್ಲಿದ್ದರೆ, ‘ಯುದ್ಧದಲ್ಲಿ ನನಗೆ ಹೀಗಾಯಿತು’ ಎಂಬ ಅವನ ಮಾತನ್ನು ಪರಿಹಾರದ ವಿಚಾರಣೆಯಲ್ಲಿ ಸುಲಭವಾಗಿ ನಂಬುತ್ತಾರೆ. ಇಲ್ಲದಿದ್ದರೆ ಅದನ್ನೂ ಅವನೇ ರುಜುವಾತು ಮಾಡಬೇಕು.

ದಾಖಲೆ ಕೇಂದ್ರದಲ್ಲಿ ಬಗೆಹರಿಯದ್ದು ತಿದ್ದುಪಡಿ ಮಂಡಳಿಗೆ ಹೋಗುತ್ತದೆ. 1946ರವರೆಗೆ ಇಂಥ ಒಂದೊಂದು ತಪ್ಪಿಗೂ ಅಮೆರಿಕದ ಸಂಸತ್ತು ಒಂದೊಂದು ಖಾಸಗಿ ಮಸೂದೆ ಪಾಸು ಮಾಡುತ್ತಿತ್ತು, ನಂಬಿ! ಸಾಕಾಗಿ ಆ ವರ್ಷ ಕಾನೂನು ಮಾಡಿ ಈ ಕೆಲಸವನ್ನು ಮಂಡಳಿಗಳಿಗೆ ವಹಿಸಿದರು. ಸದಸ್ಯರೆಲ್ಲ ಸಮವಸ್ತ್ರದವರಲ್ಲ, ನಾಗರಿಕರು. ಡಿಡಿ-149 ಎಂಬ ಅರ್ಜಿ. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಕೇಳಬೇಕೆಂದು ನಿಯಮ. ನ್ಯಾಯದ ದೃಷ್ಟಿಯಿಂದ ಅದನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ. ಸೇನೆಯ ದಾಖಲೆ ಸರಿಯಿದೆ ಎಂದೇ ಮಂಡಳಿ ಶುರುಮಾಡುತ್ತದೆ. ತಪ್ಪೆಂದು ತೋರಿಸುವ ಹೊರೆ ಅರ್ಜಿದಾರನದು. ಜೊತೆಗಾರರು ಬರೆದುಕೊಟ್ಟ ಹೇಳಿಕೆಗೆ ಬೆಲೆಯಿದೆ, ಆದರೆ ಐವತ್ತು ವರ್ಷದ ನಂತರ ನೆನಪಿನಿಂದ ಬರೆದ ಒಂದೇ ಪತ್ರಕ್ಕೆ ಪರ್ಪಲ್ ಹಾರ್ಟ್ ಸಿಗುವುದು ಅಪರೂಪ. ಈ ಬಿಗಿ ನನಗೆ ಪೂರ್ತಿ ತಪ್ಪು ಅನಿಸುವುದಿಲ್ಲ. ಇಲ್ಲದ ಪದಕ ಹೇಳಿಕೊಂಡು ತಿರುಗುವವರು ಅಲ್ಲೂ ಇದ್ದಾರೆ. ಬರೀ ಸುಳ್ಳು ಹೇಳಿದ್ದಕ್ಕೆ ಶಿಕ್ಷಿಸುವಂತಿಲ್ಲ ಎಂದು 2012ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಆ ಸುಳ್ಳಿನಿಂದ ಲಾಭ ಪಡೆಯುವುದನ್ನು ಅಪರಾಧವಾಗಿಸಿ 2013ರಲ್ಲಿ ಹೊಸ ಕಾನೂನು ಬರೆಯಬೇಕಾಯಿತು.

ಮಂಡಳಿಯ ತೀರ್ಪುಗಳನ್ನು ಹೆಸರು ಅಳಿಸಿ ಸಾರ್ವಜನಿಕರಿಗೆ ಓದಲು ಬಿಡುತ್ತಾರೆ. ಓದುತ್ತಾ ಹೋದರೆ ಒಂದು ವಿಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ವಿಯೆಟ್ನಾಮಿಗೆ ಹೋಗಿಬಂದ ಒಬ್ಬ ಪರ್ಪಲ್ ಹಾರ್ಟ್ ಕೇಳಿರುತ್ತಾನೆ. ಮಂಡಳಿ ಅವನ ಹಳೇ ಅರ್ಹತಾ ಕಾರ್ಡು ತೆಗೆಸಿ, ಗಾಯದ 40ನೇ ಕಲಂ ಖಾಲಿಯಿದೆ ಅಂತ ನೋಡುತ್ತದೆ, ಗಾಯಾಳುಗಳ ಪಟ್ಟಿಯಲ್ಲಿ ಹೆಸರಿಲ್ಲ ಅಂತ ನೋಡುತ್ತದೆ, ಕೊಡಲಾಗದು ಎನ್ನುತ್ತದೆ. ಆಮೇಲೆ ಅದೇ ತೀರ್ಪಿನ ಕೊನೆಗೆ ಹೇಳುತ್ತದೆ: ಕಡತ ನೋಡುವಾಗ ಇನ್ನೊಂದು ಗಮನಕ್ಕೆ ಬಂತು, ಅರ್ಜಿದಾರನಿಗೆ ಸೇವಾ ಪದಕದ ಮೇಲೆ ಇಷ್ಟು ನಕ್ಷತ್ರ ಸಲ್ಲಬೇಕಿತ್ತು, ಗ್ಯಾಲಂಟ್ರಿ ಕ್ರಾಸಿನ ಸಾಮೂಹಿಕ ಗೌರವ ಸಲ್ಲಬೇಕಿತ್ತು, ಸನ್ನಡತೆಯ ಪದಕವೂ ಬಿಟ್ಟಿದೆ, ಸೇರಿಸತಕ್ಕದ್ದು. ಕೇಳಿದ್ದು ಸಿಗಲಿಲ್ಲ, ಕೇಳದ ಮೂರು ಸಿಕ್ಕವು! ಓದಿದಾಗ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಯಾಕೆಂದರೆ ಆ ಮೂರೂ ಸರ್ಕಾರಕ್ಕೆ ಮೊದಲೇ ಗೊತ್ತಿರುವ ಸಂಗತಿಗಳು. ಆದೇಶ ಅದರದೇ, ತುಕಡಿಯ ಪಟ್ಟಿ ಅದರದೇ, ತಾರೀಖೂ ಅದರದೇ. ಇವನು ಸಿಗದ ಪರ್ಪಲ್ ಹಾರ್ಟಿಗೆ ಅರ್ಜಿ ಹಾಕದೇ ಇದ್ದಿದ್ದರೆ ಇವು ಎಂದೂ ಹೊರಬರುತ್ತಿರಲಿಲ್ಲ. ಸಾಕ್ಷಿ ಬೇಕಾದ ಪದಕಕ್ಕೆ ಸಾಕ್ಷಿ ಕೇಳಲಿ, ಒಪ್ಪುತ್ತೇನೆ. ಬರೀ ಲೆಕ್ಕದಿಂದ ಬರುವ ಪದಕಕ್ಕೆ ಎಂಬತ್ತರ ಮುದುಕನಿಂದ ಯಾಕೆ ಅರ್ಜಿ ಬರೆಸಬೇಕು? ಸರ್ಕಾರವೇ ಕೂತು, ಸಾಲಾಗಿ ಕಡತ ತೆಗೆದು, 215 ಬರೆದು ಕಳಿಸಬೇಕು. ನನ್ನ ಮಟ್ಟಿಗೆ ಇವತ್ತಿನ ಮುಖ್ಯ ಮಾತು ಇದೇ.

ಅನ್ಯಾಯದ ಪ್ರಕರಣಗಳ ಮಾತು ಬಾಕಿ ಇತ್ತು. ಎರಡನೇ ಮಹಾಯುದ್ಧದಲ್ಲಿ ಕಾದಿದ ಕಪ್ಪು ಸೈನಿಕರಲ್ಲಿ ಒಬ್ಬರಿಗೂ ಆಗ ಅಲ್ಲಿಯ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಕೊಡಲಿಲ್ಲ. ಸೇನೆಯೇ ಮಾಡಿಸಿದ ಅಧ್ಯಯನದ ನಂತರ 1997ರ ಜನವರಿಯಲ್ಲಿ ಏಳು ಮಂದಿಗೆ ಕೊಟ್ಟರು. ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ. ನಾರ್ಮಂಡಿ ಕಡಲ ತೀರದಲ್ಲಿ ತಾನೇ ಗಾಯಗೊಂಡಿದ್ದರೂ ಗಂಟೆಗಟ್ಟಲೆ ಗಾಯಾಳುಗಳನ್ನು ಉಪಚರಿಸಿದ ಕಪ್ಪು ಸೈನಿಕ ವೇವರ್ಲಿ ವುಡ್ಸನ್ ಅವರ ಕಡತ 1973ರ ಬೆಂಕಿಯಲ್ಲಿ ಹೋಗಿತ್ತು. ಅವರು 2005ರಲ್ಲಿ ತೀರಿಕೊಂಡರು. ಪತ್ನಿ ಪಟ್ಟು ಬಿಡದೆ ಹೋರಾಡಿದರು. ಮೆಡಲ್ ಆಫ್ ಆನರ್ ನಂತರದ ಶೌರ್ಯ ಪದಕವಾದ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್ ಬಂದದ್ದು 2024ರಲ್ಲಿ. ಆಗ ಶಿಫಾರಸೇ ಆಗದ ಅಥವಾ ಶಿಫಾರಸು ಎಲ್ಲೋ ಕಳೆದುಹೋದ ಶೌರ್ಯ ಪದಕಕ್ಕೆ ಬೇರೆಯೇ ದಾರಿ. 1996ರ ಕಾನೂನಿನಂತೆ ಸಂಸತ್ ಸದಸ್ಯರೊಬ್ಬರ ಮೂಲಕ ಕೇಳಿದರೆ ಕಾಲಮಿತಿ ಅಡ್ಡ ಬರುವುದಿಲ್ಲ. ಅದಕ್ಕೆ ಪ್ರತ್ಯಕ್ಷದರ್ಶಿಗಳು ಬೇಕು, ತಾಳ್ಮೆ ಬೇಕು, ವಕೀಲರೂ ಬೇಕಾಗಬಹುದು. ಬಿಟ್ಟುಹೋದ ಒಂದು ರಿಬ್ಬನ್ನಿಗೆ ಈ ದಾರಿ ಹಿಡಿಯುವವರಿದ್ದಾರೆ. ಬೇಡ, ಅದು ವ್ಯರ್ಥ.

‘ನಮ್ಮಲ್ಲಿ ಹೇಗೆ?’ ಅಂತ ಆಗಲೇ ಒಬ್ಬರು ಕೇಳಿದರು. ನಮ್ಮಲ್ಲಿ ಸಿಪಾಯಿಗಳ ಕಡತ ಒಂದೇ ಕಡೆ ಇಲ್ಲ. ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿರುತ್ತದೆ. ಮರಾಠಾ ಲೈಟ್ ಇನ್ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರು. ಮನೆಯಲ್ಲಿರುವುದು ಡಿಸ್ಚಾರ್ಜ್ ಬುಕ್. 1965 ಅಥವಾ 1971ರಲ್ಲಿ ಸೇವೆಯಲ್ಲಿದ್ದವರಿದ್ದರೆ ಆ ಪುಸ್ತಕ ತೆಗೆದು ರಕ್ಷಾ ಪದಕ, ಸಂಗ್ರಾಮ ಪದಕ, ಪೂರ್ವಿ ಅಥವಾ ಪಶ್ಚಿಮಿ ಸ್ಟಾರ್ ನಮೂದಾಗಿದೆಯೇ ನೋಡಿ. ಅರ್ಜಿ ಬರೆಯಲು ಸಹಾಯ ಬೇಕಾದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ.

ಕೊನೆಯದಾಗಿ, ಮಗ ಅಮೆರಿಕದಲ್ಲಿರುವ ಒಬ್ಬ ತಾಯಿ ಒಂದು ಚೀಟಿ ಕಳಿಸಿದ್ದಾರೆ: ‘ನಮ್ಮ ಸೊಸೆಯ ತಾತ ಕೊರಿಯಾ ಯುದ್ಧಕ್ಕೆ ಹೋಗಿದ್ದವರು, ತೀರಿಕೊಂಡಿದ್ದಾರೆ. ಮೊಮ್ಮಗಳು ಕೇಳಬಹುದೇ?’ ಅವರು ಯಾವ ಪಡೆಯಲ್ಲಿದ್ದರು ಅನ್ನುವುದರ ಮೇಲಿದೆ, ತಾಯಿ. ಭೂಸೇನೆಯಾದರೆ ಹೆಂಡತಿ, ಹಿರಿಯ ಮಗ ಅಥವಾ ಮಗಳು, ತಂದೆತಾಯಿ, ಒಡಹುಟ್ಟಿದವರು, ಇವರಾದ ಮೇಲೆ ಹಿರಿಯ ಮೊಮ್ಮಗುವಿಗೂ ಪಟ್ಟಿಯಲ್ಲಿ ಜಾಗವಿದೆ. ನೌಕಾಪಡೆ, ವಾಯುಸೇನೆ, ಮರೀನ್ ಆದರೆ ಮೊಮ್ಮಕ್ಕಳು ಪಟ್ಟಿಯಲ್ಲಿಲ್ಲ. ಸೊಸೆಯ ತಂದೆಯೋ ತಾಯಿಯೋ, ಆ ತಾತನ ಮಗುವಾದವರು, ಸಹಿ ಹಾಕಬೇಕು. ಅವರೂ ಇಲ್ಲದಿದ್ದರೆ, ಬಿಡುಗಡೆಯಾಗಿ 62 ವರ್ಷ ಕಳೆದ ಕಡತ ಯಾರಿಗೆ ಬೇಕಾದರೂ ತೆರೆದಿರುತ್ತದೆ. ಶುಲ್ಕ ಕಟ್ಟಿ ನಕಲು ತರಿಸಿಕೊಂಡು, ಏನೇನು ಸಲ್ಲಬೇಕಿತ್ತು ಅಂತ ನೋಡಿಕೊಳ್ಳಬಹುದು. ಪದಕವನ್ನು ಮಾತ್ರ ಅಂಗಡಿಯಲ್ಲೇ ಕೊಳ್ಳಬೇಕಾಗುತ್ತದೆ. ಅರ್ಜಿ ಹಾಕುವಾಗ ಮರಣ ಪ್ರಮಾಣಪತ್ರದ ಜೆರಾಕ್ಸ್ ಲಗತ್ತಿಸಲಿ. ಮೂಲ ಪ್ರತಿ ಯಾವ ಕಾರಣಕ್ಕೂ ಕಳಿಸುವುದು ಬೇಡ.